ಕೈಗುಣ ಅಲ್ಲ, ತಂಬಿಗೆ ಗುಣ!

"ದಿನಾ ಒಂದು ತಂಬಿಗಿ ನೀರು ಹಾಕ್ರಿ" ಅಂತ ಹೇಳಿ ಕಲಾಂಚೊ ಕುಂಡ ಮಾರ್ತಾರೆ. ಬೇರು ಕೊಳೆತರೆ ಮನೆಯ ಹೆಣ್ಣುಮಗಳಿಗೆ "ಕೈಗುಣ ಇಲ್ಲ" ಎಂಬ ಹೆಸರು. ಇದು ಅನ್ಯಾಯ. ದಪ್ಪ ಎಲೆಯಲ್ಲೇ ನೀರು ಕೂಡಿಡುವ ಗಿಡ ಅದು. ಅದನ್ನು ಕೊಲ್ಲುವುದು ತಂಬಿಗೆ, ಕೈಯಲ್ಲ.

ಹಾನಗಲ್ಲಿನ ಜುಲೈ ಜಿಟಿಜಿಟಿ ಮಳೆಗೂ ಸವಣೂರಿನ ಏಪ್ರಿಲ್ ಬಿಸಿಲಿಗೂ ಒಂದೇ ಲೆಕ್ಕ ಹೆಂಗ್ರಿ? ಮಳೆಗಾಲದಲ್ಲಿ ಕುಂಡವನ್ನು ಸೂರಿನಡಿ ಇಡಿ. ಮಣ್ಣು ಹಸಿ ಇರುವತನಕ ನೀರು ಬೇಡ. ಹಗಲು ಮೊಟಕಾಗುವ ಚಳಿಗಾಲದಲ್ಲಿ ಮೊಗ್ಗು ಕಟ್ಟಿದಾಗಲೂ, ಬೇಸಿಗೆಯಲ್ಲೂ, ಎರಡು ಬೆರಳು ಆಳದ ಮಣ್ಣು ಒಣಗಿದ್ದರಷ್ಟೇ ಬುಡಕ್ಕೆ ಹಾಕಿ. ಬರೀ ಎರೆಮಣ್ಣು ತುಂಬಬೇಡಿ, ಅದು ನೀರು ಬಿಡೂದಿಲ್ಲ.

ರೋಹಿಣಿ, ಮೃಗಶಿರಾ ಎಂದು ಮಳೆ ಎಣಿಸಿ ಬಿತ್ತುವ ನಾಡು ನಮ್ಮದು. ಕುಂಡದ ಮುಂದಷ್ಟೇ ಗಡಿಯಾರ ಯಾಕ್ರಿ?