ಸೃಷ್ಟಿಯ ಸೋಜಿಗ: ಐವತ್ತೊಂಬತ್ತು ದಿನದ ಹೆಸರು



ಪ್ರಾಣಿಗಳಿಗೆ ಹೆಸರಿಡುವ ಕೆಲಸವನ್ನು ದೇವರು ಆದಾಮನಿಗೆ ವಹಿಸಿದರು. ಆ ಕೆಲಸ ಇನ್ನೂ ಮುಗಿದಿಲ್ಲ.

ಹವಳದ ದಿಬ್ಬಗಳಲ್ಲಿ ವಾಸಿಸುವ, ಗೋಬಿ ಕುಟುಂಬದ ‘ಎವಿಯೋಟ’ ಎಂಬ ಮೀನುಕುಲವನ್ನು 1903ರಲ್ಲಿ ಆಲಿವರ್ ಜೆಂಕಿನ್ಸ್ ಹೆಸರಿಸಿದರು. ಇಂದು ಅದರಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಬಹುತೇಕ ಒಂದಿಂಚಿಗಿಂತ ಚಿಕ್ಕವು. ಒಂದರಿಂದೊಂದನ್ನು ಬೇರ್ಪಡಿಸಲು ತಲೆಯ ಮೇಲಿನ ಸಣ್ಣ ರಂಧ್ರಗಳನ್ನೂ ರೆಕ್ಕೆಯ ಕಡ್ಡಿಗಳನ್ನೂ ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು.

ಅವುಗಳಲ್ಲೊಂದಾದ ‘ಸಿಜಿಲಾಟ’ದ ಆಯುಸ್ಸು ಹೆಚ್ಚೆಂದರೆ 59 ದಿನ ಎಂದು 2005ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ತಿಳಿಸಿದರು. ಎರಡು ತಿಂಗಳೂ ಬಾಳದ ಮೀನಿಗೂ ತನ್ನದೇ ಹೆಸರುಂಟು!

ಹಾಗಿರುವಾಗ, ನಾಲ್ಕು ದಿನವಿದ್ದು ಕಣ್ಮುಚ್ಚಿದ ಕೂಸನ್ನು ಲೆಕ್ಕಕ್ಕೇ ಹಿಡಿಯದಿರುವುದು ಸರಿಯೇ? ನಿಮ್ಮ ಮನೆಯಲ್ಲಿ ಅಂಥ ಕೂಸಿದ್ದಿದ್ದರೆ, ಇಂದು ಸಂಜೆಯ ಜಪಸರದಲ್ಲಿ ಅದರ ಹೆಸರು ಹೇಳಿರಿ. ಹೆಸರಿಟ್ಟಿರದಿದ್ದರೆ, ಈಗಲಾದರೂ ಇಡಿರಿ.