ಕಂಪ್ಯೂಟರಿಗೆ ತಣ್ಣೀರಿನ ಆರೈಕೆ

ಕೆಲಸ ಮಾಡುತ್ತಿರುವ ಕಂಪ್ಯೂಟರಿನ ಪೆಟ್ಟಿಗೆಯ ಹಿಂಬದಿಗೆ ಕೈ ಒಡ್ಡಿದರೆ ಬಿಸಿಗಾಳಿ ತಾಗುತ್ತದೆ. ಒಳಗಿರುವ ಪ್ರೊಸೆಸರ್ ಎಂಬ ಬಿಲ್ಲೆ ಬಳಸಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬೀಳಬೇಕು. ಹೆಚ್ಚು ಸಾಮರ್ಥ್ಯದ ಪ್ರೊಸೆಸರಿನಲ್ಲಿ ಇದು 100 ವಾಟ್ ದಾಟುವುದುಂಟು. ಹಳೆಯ 100 ವಾಟ್ ಬಲ್ಬಿನಷ್ಟು ಶಾಖ, ಅಂಚೆಚೀಟಿಯಷ್ಟು ಜಾಗದಲ್ಲಿ!

ಇದನ್ನು ತೆಗೆಯಲು ಸಾಮಾನ್ಯವಾಗಿ ಫ್ಯಾನು ಸಾಕು. ಆದರೆ ನೀರನ್ನು ಬಳಸುವವರೂ ಇದ್ದಾರೆ. 1980ರಲ್ಲಿ ಪ್ರಕಟವಾದ ಐಬಿಎಂ 3081 ಎಂಬ ದೊಡ್ಡ ಗಣಕಯಂತ್ರಕ್ಕೆ ತಣ್ಣೀರೇ ಆಸರೆಯಾಗಿತ್ತು. 2000ದ ಆಸುಪಾಸಿನಲ್ಲಿ ವಿದೇಶದ ಹವ್ಯಾಸಿಗಳು ಮೀನಿನ ತೊಟ್ಟಿಯ ಪಂಪು, ಕಾರಿನ ಹೀಟರಿನ ರೇಡಿಯೇಟರು, ಪ್ಲಾಸ್ಟಿಕ್ ಪೈಪು ಮತ್ತು ತಾಮ್ರದ ಗಟ್ಟಿ ಸೇರಿಸಿ ಮನೆಯಲ್ಲೇ ಇಂಥ ವ್ಯವಸ್ಥೆ ಕಟ್ಟಿಕೊಂಡರು.

ನೀರೇ ಏಕೆ? ಒಂದು ಲೀಟರ್ ನೀರಿನ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಲು ಸುಮಾರು 4,200 ಜೂಲ್ ಶಾಖ ಬೇಕು. ಒಂದು ಲೀಟರ್ ಗಾಳಿಗೆ ಸುಮಾರು 1.2 ಜೂಲ್ ಸಾಕು. ಅಂದರೆ ಒಂದು ಲೀಟರ್ ನೀರು ಹೊರುವ ಶಾಖವನ್ನು ಹೊರಲು 3,500 ಲೀಟರ್ ಗಾಳಿ ಬೇಕು. ಪ್ರೊಸೆಸರಿನ ಮೇಲಿನ ತಾಮ್ರದ ಗಟ್ಟಿಯೊಳಗೆ ನಿಮಿಷಕ್ಕೆ ಒಂದೇ ಲೀಟರ್ ನೀರು ಹರಿದರೂ 100 ವಾಟ್ ಶಾಖಕ್ಕೆ ಅದರ ಬಿಸಿ ಏರುವುದು ಒಂದೂವರೆ ಡಿಗ್ರಿಗಿಂತ ಕಡಿಮೆ.

ಹಾಗಾದರೆ ರೇಡಿಯೇಟರು ಬಿಟ್ಟು ಒಂದು ಬಕೆಟ್ ನೀರನ್ನೇ ಸುತ್ತಿಸಿದರಾಗದೆ? ಲೆಕ್ಕ ಹಾಕೋಣ. 100 ವಾಟ್ ಎಂದರೆ ಗಂಟೆಗೆ 3,60,000 ಜೂಲ್. ಹತ್ತು ಲೀಟರ್ ನೀರು ಒಂದೇ ಗಂಟೆಯಲ್ಲಿ ಸುಮಾರು ಎಂಟೂವರೆ ಡಿಗ್ರಿ ಬಿಸಿಯಾಗುತ್ತದೆ. ಮೂರು ಗಂಟೆ ಕಳೆದರೆ ಅದು ಸ್ನಾನದ ನೀರೇ! ನೀರು ಶಾಖವನ್ನು ಇಲ್ಲವಾಗಿಸುವುದಿಲ್ಲ, ಹೊತ್ತೊಯ್ಯುತ್ತದೆ ಅಷ್ಟೆ. ಅದನ್ನು ಇಳಿಸಿಕೊಳ್ಳಲು ರೇಡಿಯೇಟರು ಬೇಕೇ ಬೇಕು.

ಮಣ್ಣಿನ ಮಡಕೆಯ ನೀರು ಕೋಣೆಯ ಗಾಳಿಗಿಂತ ತಣ್ಣಗಿರುತ್ತದಲ್ಲ ಎಂದು ಮಕ್ಕಳು ಕೇಳಬಹುದು. ಅಲ್ಲಿ ನೀರು ಆವಿಯಾಗುತ್ತದೆ. ಒಂದು ಗ್ರಾಂ ಆವಿ ಸುಮಾರು 2,400 ಜೂಲ್ ಶಾಖ ಒಯ್ಯುತ್ತದೆ. ಮುಚ್ಚಿದ ಪೈಪಿನಲ್ಲಿ ಆವಿಗೆ ದಾರಿಯಿಲ್ಲ. ಆದ್ದರಿಂದ ರಾಯಚೂರಿನ ಬೇಸಿಗೆಯಲ್ಲಿ ಕೋಣೆ 40 ಡಿಗ್ರಿ ಇದ್ದರೆ ಪೈಪಿನ ನೀರು ಅದಕ್ಕಿಂತ ತಣ್ಣಗಾಗದು.

ಇನ್ನು ಅಪ್ಪ ಅಮ್ಮ ಗಮನಿಸಬೇಕಾದ ಮಾತು. ಬೋರ್‌ವೆಲ್ ನೀರಿನ ಲವಣ ಒಳಗೆ ಕಟ್ಟಿಕೊಳ್ಳುತ್ತದೆ. ಭಟ್ಟಿ ಇಳಿಸಿದ ನೀರು ಬೇಕು. ತಾಮ್ರದ ಗಟ್ಟಿಗೆ ಅಲ್ಯೂಮಿನಿಯಂ ರೇಡಿಯೇಟರು ಜೋಡಿಸಿದರೆ ಪ್ರಯೋಗಶಾಲೆಯ ವಿದ್ಯುತ್ಕೋಶದಂತೆಯೇ ಆಗಿ ಅಲ್ಯೂಮಿನಿಯಂ ಸವೆಯುತ್ತದೆ. ಎಲ್ಲಕ್ಕಿಂತ ಮುಖ್ಯ, ಸೋರಿಕೆ. ಕಂಪ್ಯೂಟರಿನಿಂದ ದೂರವಿಟ್ಟು, ಕೀಲುಗಳ ಕೆಳಗೆ ಕಾಗದ ಹಾಸಿ, ಪಂಪನ್ನು ಒಂದು ಇಡೀ ದಿನ ಓಡಿಸಿ ನೋಡಬೇಕು. ಕಾಗದದ ಮೇಲೆ ಒಂದು ಹನಿ ಕಂಡರೂ ಕೆಲಸ ಮುಂದುವರಿಯಬಾರದು. ಪಂಪು ಮನೆಯ 230 ವೋಲ್ಟಿನದಾದರೆ ಹಿರಿಯರು ಪಕ್ಕದಲ್ಲಿರಲೇಬೇಕು.

ನಿಜ ಹೇಳಬೇಕೆಂದರೆ ಮನೆಬಳಕೆಯ ಕಂಪ್ಯೂಟರಿಗೆ ಇಷ್ಟೆಲ್ಲ ಬೇಕಿಲ್ಲ. ಫ್ಯಾನಿನ ಧೂಳು ತೆಗೆದರೆ ಎಷ್ಟೋ ಬಿಸಿ ಇಳಿಯುತ್ತದೆ. ಆದರೂ ಮಗುವಿನ ಕುತೂಹಲವನ್ನು ತಳ್ಳಿಹಾಕಬೇಡಿ. ವಿದ್ಯುತ್ತೇ ಇಲ್ಲದೆ ಇದೇ ಪಾಠ ಕಲಿಯಬಹುದು. ಫ್ರಿಜ್ ದುರಸ್ತಿಯವರಲ್ಲಿ ಸಿಗುವ ತೆಳು ತಾಮ್ರದ ಕೊಳವೆಯನ್ನು ಸುರುಳಿ ಸುತ್ತಿ, ಒಂದು ಲೀಟರ್ ಬಿಸಿನೀರಿನಲ್ಲಿ ಮುಳುಗಿಸಿ. ಎತ್ತರದಲ್ಲಿಟ್ಟ ಬಕೆಟಿನಿಂದ ತಣ್ಣೀರನ್ನು ಅದರೊಳಗೆ ಹರಿಸಿ, ಕೆಳಗೆ ಅಳತೆಯ ಪಾತ್ರೆಯಲ್ಲಿ ಹಿಡಿಯಿರಿ. ಎರಡೂ ನೀರಿನ ಉಷ್ಣತೆಯನ್ನು ಮೊದಲು ಮತ್ತು ಕೊನೆಗೆ ಬರೆದಿಡಿ. ಬಿಸಿನೀರು ಕಳೆದುಕೊಂಡ ಶಾಖ, ತಣ್ಣೀರು ಪಡೆದ ಶಾಖ ಎರಡೂ ಸಮವಾಗುವುದಿಲ್ಲ. ಉಳಿದದ್ದು ಎಲ್ಲಿಗೆ ಹೋಯಿತು? ಉತ್ತರವನ್ನು ಮಕ್ಕಳೇ ಹುಡುಕಲಿ.