ಅಳಿಸಿದ ಕಡತ ಅಳಿಯುವುದೆ?

ಯಲಬುರ್ಗಾ ತಾಲ್ಲೂಕಿನ ಬೇವೂರಿನಲ್ಲಿ ಜೋಳದ ಹೊಲವೊಂದು ಕೈ ಬದಲಾಯಿಸಿದಾಗ ಪಹಣಿಯಲ್ಲಿ ಹಳೆಯ ಹೆಸರು ಕಳೆದು ಹೊಸ ಹೆಸರು ಸೇರುತ್ತದೆ. ಹೊಲ ಮಾತ್ರ ಇದ್ದಲ್ಲೇ ಇರುತ್ತದೆ. 2000ದ ಸುಮಾರಿಗೆ ‘ಭೂಮಿ’ ಯೋಜನೆಯು ಕರ್ನಾಟಕದ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಗಣಕಯಂತ್ರವು ತನ್ನ ಕಡತಗಳನ್ನು ಅಳಿಸುವ ಬಗೆಯೂ ಹೆಚ್ಚುಕಡಿಮೆ ಈ ಪಹಣಿಯ ಬಗೆಯೇ ಎಂಬುದು ಬಹುಮಂದಿಗೆ ತಿಳಿಯದು.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿಯವರು 1972ರ ಸುಮಾರಿಗೆ ರೂಪಿಸಿದ ‘ಸಿ’ ಭಾಷೆಯ ಲೈಬ್ರರಿಯಲ್ಲಿ, ಕಡತವನ್ನು ತೆಗೆಯಲು ‘ರಿಮೂವ್’ ಎಂಬ ಸಿದ್ಧ ಫಂಕ್ಷನ್ ಉಂಟು. ಕಡತದ ಹೆಸರನ್ನು ಕೊಟ್ಟರಾಯಿತು. ಕೆಲಸ ಕೈಗೂಡಿದರೆ ಸೊನ್ನೆ, ಇಲ್ಲವಾದರೆ ಬೇರೊಂದು ಸಂಖ್ಯೆ ಉತ್ತರವಾಗಿ ಬರುತ್ತದೆ. ಆ ಉತ್ತರವನ್ನು ನೋಡದೆ ಮುಂದುವರಿಯುವ ಪ್ರೋಗ್ರಾಮು, ಅಂಚೆಗೆ ಹಾಕಿದ ಕಾಗದವೆಲ್ಲ ತಲುಪಿತೆಂದೇ ನಂಬುವ ಮನುಷ್ಯನಂತೆ! ಮರಳಿ ಪಡೆಯಲು ಕಸದಬುಟ್ಟಿಯ ಏರ್ಪಾಡೂ ಇಲ್ಲಿಲ್ಲ.

ಯುನಿಕ್ಸ್ ವ್ಯವಸ್ಥೆಯಲ್ಲಿ ಇದೇ ಕೆಲಸಕ್ಕೆ ‘ಅನ್‌ಲಿಂಕ್’ ಎಂದು ಹೆಸರು. ಎಂದರೆ ಕೊಂಡಿ ಕಳಚುವುದು. ಹೆಸರಿಟ್ಟವರು ಸತ್ಯವನ್ನೇ ನುಡಿದಿದ್ದಾರೆ. ಅಲ್ಲಿ ಒಂದೇ ಕಡತಕ್ಕೆ ಎರಡು ಹೆಸರುಗಳಿರಬಹುದು. ಒಂದನ್ನು ಕಳಚಿದರೆ ಇನ್ನೊಂದರ ಮೂಲಕ ಕಡತ ದೊರೆಯುತ್ತಲೇ ಇರುತ್ತದೆ. ಕೊನೆಯ ಹೆಸರೂ ಹೋಯಿತೆನ್ನಿ. ಯಾವುದಾದರೊಂದು ಪ್ರೋಗ್ರಾಮು ಅದನ್ನು ತೆರೆದಿಟ್ಟುಕೊಂಡಿದ್ದರೆ, ಮುಚ್ಚುವವರೆಗೆ ಅದಕ್ಕೆ ಜೀವವುಂಟು. ಕಡತವನ್ನು ತಿದ್ದುವ ಹಕ್ಕಿಲ್ಲದವನೂ, ಅದರ ಹೆಸರಿರುವ ಪಟ್ಟಿಯಲ್ಲಿ ಬರೆಯುವ ಹಕ್ಕಿದ್ದರೆ, ಸಾಮಾನ್ಯವಾಗಿ ಅದನ್ನು ತೆಗೆದುಹಾಕಬಲ್ಲನೆಂಬುದು ಇನ್ನೊಂದು ವಿಚಿತ್ರ. ಹೊಲದ ಯಜಮಾನನಿಗಿಂತ ಪಹಣಿಯ ಲೇಖನಿಯೇ ದೊಡ್ಡದು!

ಎಲ್ಲ ಕೊಂಡಿಗಳೂ ಕಳಚಿದ ಮೇಲೆ ಆ ಜಾಗ ತೆರವಾಯಿತೆಂದು ಯಂತ್ರವು ಗುರುತು ಹಾಕಿಕೊಳ್ಳುತ್ತದೆ, ಅಷ್ಟೆ. ತಿರುಗುವ ತಟ್ಟೆಯ ಹಳೆಯ ಡಿಸ್ಕುಗಳಲ್ಲಿ, ಆ ಜಾಗದ ಮೇಲೆ ಬೇರೊಂದು ಕಡತ ಬಂದು ಕೂರುವವರೆಗೆ ಮೊದಲಿನ ಬರಹ ಹಾಗೆಯೇ ಉಳಿದಿರುತ್ತದೆ. ಹೊಸಬನು ಉಳುವವರೆಗೆ ಹೊಲದಲ್ಲಿ ಹಳೆಯ ಸಾಲುಗಳು ಕಾಣುವುದಿಲ್ಲವೆ? ಮನೆಯ ಹಳೆಯ ಗಣಕಯಂತ್ರವನ್ನು ಮಾರುವ ಗೃಹಸ್ಥರು ಮಗಳ ಮದುವೆಯ ಚಿತ್ರಗಳನ್ನೂ ಬ್ಯಾಂಕಿನ ಲೆಕ್ಕಗಳನ್ನೂ ಅಳಿಸಿದೆವೆಂದು ನಿಶ್ಚಿಂತರಾಗಿರುತ್ತಾರೆ. ಕೊಂಡವನು ಬಲ್ಲವನಾದರೆ ಅವನ್ನು ಮತ್ತೆ ಹೊರತೆಗೆಯಬಲ್ಲ. ಇಂತಹ ಡಿಸ್ಕನ್ನು ಮಾರುವ ಮುನ್ನ ಅದರ ಉದ್ದಗಲಕ್ಕೂ ಬೇರೆ ಬರಹವನ್ನು ತುಂಬುವ ಪ್ರೋಗ್ರಾಮನ್ನು ಒಮ್ಮೆ ಓಡಿಸಬೇಕು. ಮೊದಲಿನಿಂದಲೇ ಗೂಢಲಿಪಿಯಲ್ಲಿ ಬರೆದಿಟ್ಟ ಡಿಸ್ಕಾದರೆ ಆ ಗೂಢಲಿಪಿಯ ಕೀಲಿಯನ್ನು ನಾಶಪಡಿಸಿದರೆ ಸಾಕು.